ನೀರು ಬಿಡುವ ಮೊದಲು

ಶನಿವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ಫೋನಿನಲ್ಲಿ ನಾನು ಮಾತು ಶುರು ಮಾಡಿದರೆ ನೀನು ಮುಗಿಸಿಬಿಡುತ್ತೀಯ. ಅದಕ್ಕೇ ಈ ಕಾಗದ. ನಿನ್ನೆ ನೀನು ಎರಡು ಪ್ರಶ್ನೆ ಕೇಳಿದೆ. ಈಜುಕೊಳದ ವಿಷಯ ಏನಾಯಿತು, ಅಮ್ಮನ ಮೊಣಕೈ ಹೇಗಿದೆ ಎಂದು. ಮೊಣಕೈ ವಿಷಯವನ್ನಂತೂ ಎರಡೆರಡು ಸಲ ಕೇಳಿದೆ. ಎರಡಕ್ಕೂ ನಾನು ಪರವಾಗಿಲ್ಲ ಅಂದುಬಿಟ್ಟೆ. ಅದಕ್ಕಿಂತ ಉದ್ದದ ಉತ್ತರ ಕೊಡುವಷ್ಟು ತ್ರಾಣ ಇರಲಿಲ್ಲ.

ಅಮ್ಮ ಒಳಗೆ ಮಲಗಿದ್ದಾಳೆ. ನನ್ನ ಮುಂದೆ ಇನ್ನೂ ತಿದ್ದದ ಉತ್ತರಪತ್ರಿಕೆಗಳ ಕಟ್ಟಿದೆ. ಅದನ್ನು ಅತ್ತ ಸರಿಸಿ ಬರೆಯುತ್ತಿದ್ದೇನೆ.

ನಮ್ಮ ಕೊಳವನ್ನು ನೀನು ನೋಡಿ ಬಹಳ ದಿನವಾಯಿತು. ತಳದ ನೀಲಿ ಬಣ್ಣ ಎದ್ದು ಹಿಮ್ಮಡಿಗೆ ಅಂಟುತ್ತದೆ. ಟೈಲ್ಸ್ ಬಿದ್ದ ಕಡೆ ಸಿಮೆಂಟು ಮೆತ್ತಿದ್ದಾರೆ, ಅದರ ಮೇಲೆ ಮತ್ತೆ ಸಿಮೆಂಟು. ರಾತ್ರಿಯೆಲ್ಲ ಸೋರಿ ಬೆಳಗಾಗುವಷ್ಟರಲ್ಲಿ ನೀರು ಒಂದು ಗೇಣು ಇಳಿದಿರುತ್ತದೆ. ಸೀಟಿ ಮಾಮ ಬಂದವನೇ ಬೀಗ ತೆಗೆದು ಪೈಪು ಹಾಕುತ್ತಾನೆ. ಅವನೇ, ಈಜು ಕಲಿಸುವಾಗ ನಿನ್ನನ್ನು ಆಳದ ಕಡೆ ಹಾರಿಸಿದವನು, ನಾನು ಗೋಡೆ ಬಿಡಲಿಲ್ಲವೆಂದು ಸೀಟಿ ಊದಿ ಊದಿ ಸೋತವನು. ಈಗಲೂ ಕತ್ತಿನಲ್ಲಿ ಅದೇ ಸೀಟಿ, ಊದಲು ಮಾತ್ರ ದಮ್ಮಿಲ್ಲ.

ಸ್ಟ್ರೋಕ್ ಆದಮೇಲೆ ಅಮ್ಮನ ಎಡಗಾಲು ನೆಲದ ಮೇಲೆ ಅವಳ ಮಾತು ಕೇಳುವುದಿಲ್ಲ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ನಾನು. ಎದೆಮಟ್ಟದ ನೀರಿಗೆ ಇಳಿದರೆ ಮಾತ್ರ ಒಬ್ಬಳೇ ನಡೆಯುತ್ತಾಳೆ, ಈ ಗೋಡೆಯಿಂದ ಆ ಗೋಡೆಗೆ. ಕೋಲನ್ನು ಏಣಿಯ ಕಂಬಿಗೆ ಸಿಕ್ಕಿಸಿ, ಎರಡೂ ಕೈಗಳನ್ನು ನೀರಿನ ಮೇಲೆ ಹರಡಿಕೊಂಡು, ಹಾಸಿಗೆಯ ಮೇಲಿನ ಸುಕ್ಕು ತೆಗೆಯುವವಳ ಹಾಗೆ ನಡೆಯುತ್ತಾಳೆ. ಬೆಳಗಿನ ಹೆಂಗಸರ ಗುಂಪು ದಾರಿ ಬಿಡ್ರೇ, ಮಹಾರಾಣಿ ವಾಕಿಂಗ್ ಹೊರಟ್ಲು ಅಂತ ರೇಗಿಸುತ್ತದೆ. ನೀವು ಅಷ್ಟೊಂದು ಈಜಿ ಎಲ್ಲಿಗೆ ಮುಟ್ಟಿದ್ರಿ, ಅದೇ ಗೋಡೆಗೆ ತಾನೇ ಅಂತ ಅಮ್ಮ ತಿರುಗಿಸಿ ಕೊಡುತ್ತಾಳೆ. ಆ ಅರ್ಧ ಗಂಟೆ ಅವಳು ಯಾರ ತಾಯಿಯೂ ಅಲ್ಲ, ಯಾರ ರೋಗಿಯೂ ಅಲ್ಲ.

ಕಷ್ಟವೆಲ್ಲ ಏಣಿಯದು. ಕೆಳಗೆ ನಾನು ನಿಂತು ಕಾಲು ಹಿಡಿಯಬೇಕು, ಮೇಲೆ ಸೀಟಿ ಮಾಮ ತೋಳು ಹಿಡಿಯಬೇಕು. ಅವನಿಗೂ ಸೊಂಟ ಹಿಡಿದುಕೊಂಡಿದೆ. ಮುಖ ಆ ಕಡೆ ತಿರುಗಿಸಿ ನರಳುತ್ತಾನೆ.

ಹೊಸ ಕೊಳಕ್ಕೆಂದು ಸಮಿತಿ ಆದಾಗ, ನೀವು ಚೆನ್ನಾಗಿ ಬರೀತೀರಿ ಎಂಬ ಒಂದೇ ಕಾರಣಕ್ಕೆ ನನ್ನನ್ನು ಸಂಚಾಲಕಿ ಮಾಡಿದರು. ಚೆನ್ನಾಗಿ ಬರೆಯುವವರಿಗೆ ಸಿಗುವ ಬಹುಮಾನವೆಂದರೆ ಇನ್ನಷ್ಟು ಬರೆಯುವುದು, ಅಷ್ಟೆ. ನಮ್ಮ ಮುಂದಿದ್ದದ್ದು ಎರಡೇ ದಾರಿ. ಪಕ್ಕದ ಬಯಲಿನಲ್ಲಿ ಸಣ್ಣದೊಂದು ಕೊಳ ಕಟ್ಟುವುದು. ಹಾಗಾದರೆ ಅದು ಮುಗಿಯುವವರೆಗೆ ಹಳೆಯದು ತೆರೆದಿರುತ್ತದೆ. ಆದರೆ ಅದಕ್ಕೂ ಏಣಿಯೇ, ಬೇರೆ ಏನಕ್ಕೂ ಜಾಗವಿಲ್ಲ. ಇಲ್ಲವಾದರೆ ಹಳೆಯದನ್ನು ಕೆಡವಿ ಇಡೀ ಜಾಗ ಬಳಸಿ ದೊಡ್ಡದು ಕಟ್ಟುವುದು. ಅದಕ್ಕೆ ಅಗಲವಾದ ಇಳಿಜಾರು ಇರುತ್ತದೆ, ಯಾರ ಕೈಯೂ ಹಿಡಿಯದೆ ನಡೆದುಕೊಂಡೇ ನೀರಿಗೆ ಇಳಿಯಬಹುದು. ಆದರೆ ಎರಡು ವರ್ಷ ಊರಿಗೆ ಕೊಳವೇ ಇಲ್ಲ. ಎರಡು ಅಂತ ಕಾಗದದಲ್ಲಿದೆ, ಮೂರಾದರೂ ಆಶ್ಚರ್ಯವಿಲ್ಲ.

ಎರಡು ವರ್ಷ ನೀರು ತಪ್ಪಿದ್ರೆ ಈ ಕಾಲು ನಡೆಯೋದನ್ನ ಮರೆತುಬಿಡುತ್ತೆ ಅಂತ ಫಿಸಿಯೋಥೆರಪಿಸ್ಟ್ ಮೊದಲೇ ಹೇಳಿದ್ದಳು. ಹಾಗಾಗಿ ನನ್ನ ಮಟ್ಟಿಗೆ ಯೋಚಿಸುವುದೇನೂ ಇರಲಿಲ್ಲ. ಸಣ್ಣ ಕೊಳ. ಯಾರೊಡನೆಯೂ ಇದನ್ನು ಹೇಳಿರಲಿಲ್ಲ, ಅಮ್ಮನೊಡನೆಯೂ.

ನಮ್ಮ ಆರ್ಕಿಟೆಕ್ಟ್ ಒಬ್ಬ ಚಿಕ್ಕ ಹುಡುಗಿ. ಮೂರು ಸಭೆಗೂ ನಕ್ಷೆ ತಂದು ಹರಡಿದಳು. ಎಲ್ಲರೂ ತಲೆಯಾಡಿಸಿದರು. ಯಾರಿಗೂ ಅರ್ಥವಾಗಿಲ್ಲವೆಂದು ಅವಳಿಗೆ ಗೊತ್ತಾದದ್ದು, ಬ್ಯಾಂಕಿನಿಂದ ನಿವೃತ್ತರಾದ ಮ್ಯಾನೇಜರ್ ಶೌಚಾಲಯದ ಮೇಲೆ ಬೆರಳಿಟ್ಟು ಇಷ್ಟು ಆಳ ಸಾಕಾ ಅಂತ ಕೇಳಿದಾಗ. ಆಮೇಲೆ ಅವಳೇ ಒಂದು ಉಪಾಯ ಮಾಡಿದಳು. ಹೋದ ವಾರದ ಹಿಂದಿನ ಭಾನುವಾರ ಸಂಜೆ ದೊಡ್ಡ ಕೊಳವನ್ನು ಶಾಲೆಯ ಮೈದಾನದಲ್ಲಿ ಸುಣ್ಣದ ಪುಡಿಯಿಂದ ಪೂರ್ತಿ ಅಳತೆಗೆ ಬರೆಸಿದಳು. ಬಂದು ಓಡಾಡಿ ನೋಡಿ ಅಂದಳು.

ಅಕ್ಕ, ನೀನಿರಬೇಕಿತ್ತು. ಯಾರೂ ಗೆರೆ ದಾಟಲಿಲ್ಲ. ಒಳಗೆ ಹೋಗಲು ಸುತ್ತು ಹಾಕಿ ಇಳಿಜಾರಿನ ಗುರುತಿನ ಕಡೆಗೇ ಬಂದರು, ಹೊರಗೆ ಬರಲೂ ಅಲ್ಲಿಂದಲೇ. ಮ್ಯಾನೇಜರ್ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರು. ಒಬ್ಬ ಅಪ್ಪ ಆ ಕಡೆ ಆಳ ಇದೆ ಕಣೇ ಅಂತ ಮಗಳನ್ನು ಗದರಿಸಿ, ಆಮೇಲೆ ತಾನೇ ಪೆಚ್ಚಾಗಿ ನಕ್ಕ. ಬಹಳ ದಿನಗಳ ಮೇಲೆ ನಾನೂ ನಕ್ಕೆ.

ಅಮ್ಮ ತಾನೂ ನೋಡಬೇಕೆಂದು ಹಟ ಹಿಡಿದು ಬಂದಿದ್ದಳು. ಕುರ್ಚಿ ಹಾಕಿ ಕೂರಿಸಿ, ನಾನು ಮ್ಯಾನೇಜರ ಜೊತೆ ಬಚ್ಚಲು ಎಲ್ಲಿರಬೇಕೆಂಬ ಜಗಳಕ್ಕೆ ಹೋದೆ. ಆಮೇಲೆ ಗೊತ್ತಾಯಿತು, ಅವಳು ಆರ್ಕಿಟೆಕ್ಟ್ ಹುಡುಗಿಯನ್ನು ಕರೆದು ಇಲ್ಲಿ ನನ್ನ ಯಾರು ಹಿಡ್ಕೋತಾರೆ ಅಂತ ಕೇಳಿದ್ದಾಳೆ. ಯಾರೂ ಬೇಡ ಅಜ್ಜಿ, ನೀವೇ ಇಳೀಬಹುದು ಅಂದಿದ್ದಾಳೆ ಆ ಹುಡುಗಿ.

ನಾನು ತಿರುಗಿ ನೋಡುವಷ್ಟರಲ್ಲಿ ಅಮ್ಮ ಇಳಿಜಾರಿನ ಗೆರೆಗಳ ನಡುವೆ ಇದ್ದಳು. ದಿನಾ ಮಾಡುವ ಹಾಗೇ ಕಂಬಿ ಇರುವ ಎತ್ತರಕ್ಕೆ ಕೋಲು ಎತ್ತಿ ಸಿಕ್ಕಿಸಿದಳು. ಅಲ್ಲಿ ಕಂಬಿ ಇರಲಿಲ್ಲ. ಕೋಲು ಬಿತ್ತು. ಅವಳು ಅದನ್ನು ನೋಡಲೂ ಇಲ್ಲ. ಎರಡೂ ಕೈ ಹರಡಿ, ಸುಕ್ಕು ತೆಗೆಯುತ್ತ, ನಡೆದಳು. ನಾಲ್ಕೈದು ಹೆಜ್ಜೆ ಇರಬಹುದು. ನಾನು ಕೂಗಬಹುದಿತ್ತು, ಓಡಬಹುದಿತ್ತು. ನಿಂತು ನೋಡಿದೆ. ಒಂದು ಕ್ಷಣ ನನಗೂ ಅಲ್ಲಿ ನೀರಿದೆ ಅನ್ನಿಸಿತ್ತು.

ಆಮೇಲೆ ಎಡಮಂಡಿ ಮಡಚಿಕೊಂಡಿತು. ಮೊಣಕೈ ಅಲ್ಲಿ ತರಚಿದ್ದು, ನಾನು ನಿನಗೆ ಹೇಳಿದ ಹಾಗೆ ಮನೆಯ ಬಚ್ಚಲಲ್ಲಿ ಅಲ್ಲ. ನಾನು ಮುಟ್ಟುವ ಮೊದಲೇ ಸೀಟಿ ಮಾಮ ಸೊಂಟ ಮರೆತು ಅವಳನ್ನು ಎತ್ತಿ ಕೂರಿಸಿದ್ದ. ಅರ್ಧ ಮೈ ಸುಣ್ಣ. ಎಲ್ಲರೂ ಸುತ್ತ ನೆರೆದರು. ಅಮ್ಮ ಸುತ್ತ ನೋಡಿ, ಎಲ್ಲ ಸರಿಯಾಗೇ ಕಟ್ಟಿದೀರಿ, ನೀರು ಬಿಡೋದು ಒಂದು ಮರೆತಿದೀರಿ ಅಂದಳು.

ಮನೆಗೆ ಬರುವಾಗ ಟ್ಯಾಕ್ಸಿಯಲ್ಲಿ ನಾನು ಬೈದೆ. ಅವಳು ಕೇಳಿಸಿಕೊಂಡು, ನೀನು ಯಾವುದಕ್ಕೆ ಕೈ ಎತ್ತಬೇಕು ಅಂತಿದೀಯ ನಂಗೆ ಗೊತ್ತು ಅಂದಳು. ನನ್ನ ಒಂದು ಕಾಲಿಗೆ ಊರಿಗೆಲ್ಲ ಏಣಿ ಹಾಕಿಸ್ತೀಯಾ, ಎಷ್ಟು ಜನ ಆ ಏಣಿಗೆ ಹೆದರಿ ಬೆಂಚಲ್ಲೇ ಕೂತು ಎದ್ದು ಹೋಗ್ತಾರೆ, ನಿನ್ನ ಕಣ್ಣಿಗೆ ಬಿದ್ದಿಲ್ವಾ ಅಂದಳು. ಹಾಗಾದ್ರೆ ಎರಡು ವರ್ಷ ನೀನೇನು ಮಾಡ್ತೀಯ ಅಂದೆ. ಅವಳು ಕಿಟಕಿಯ ಕಡೆ ತಿರುಗಿದಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಜೀವಮಾನ ಕಳೆದವಳು, ಯಾವ ಲೈನು ಯಾವಾಗ ಕತ್ತರಿಸಬೇಕೆಂದು ಚೆನ್ನಾಗಿ ಗೊತ್ತು.

ಮೊನ್ನೆ ಗುರುವಾರ ಮತಕ್ಕೆ ಹಾಕಿದೆವು. ಸಮ ಸಮ ಬಂತು. ಉಳಿದದ್ದು ಸಂಚಾಲಕಿಯ ಕೈ. ನಾನು ದೊಡ್ಡ ಕೊಳಕ್ಕೆ ಎತ್ತಿದೆ. ಈ ತಿಂಗಳ ಕೊನೆಗೆ ಹಳೆಯದರ ನೀರು ಹೊರಗೆ ಬಿಟ್ಟುಬಿಡುತ್ತಾರೆ.

ಜನ ಬಂದು ಕೈ ಕುಲುಕಿದರು. ಸ್ವಂತ ತಾಯಿಯನ್ನೂ ನೋಡದೆ ಊರಿನ ಒಳ್ಳೆಯದು ನೋಡಿದ್ರಿ ಎಂದರು ಮ್ಯಾನೇಜರ್. ಆ ಮಾತು ಚುಚ್ಚಿತು. ಯಾಕೆಂದರೆ ಅಕ್ಕ, ಕೈ ಎತ್ತಿದಾಗ ನನ್ನ ಕಣ್ಣಿಗೆ ಬಂದದ್ದು ಬೆಂಚಿನ ಮೇಲೆ ಕೂತವರಲ್ಲ. ಕತ್ತಲಲ್ಲೇ ಏಳುವುದು ಬೇಡ ಎಂಬುದು. ಒದ್ದೆ ಬಟ್ಟೆಯ ಚೀಲ ಬೇಡ, ಏಣಿಯ ಕೆಳಗೆ ಅವಳ ಭಾರ ಬೇಡ, ಅಲ್ಲಿಂದ ಕಾಲೇಜಿಗೆ ಓಡಿ ಕ್ಲೋರಿನ್ ವಾಸನೆಯ ಕೈಯಲ್ಲಿ ಕವಿತೆ ಪಾಠ ಮಾಡುವುದು ಬೇಡ. ಅಮ್ಮ ಹೇಳಿದ್ದಕ್ಕೆ ಎತ್ತಿದೆನೋ, ನನಗೆ ಸಾಕಾಗಿದೆಯೆಂದು ಎತ್ತಿದೆನೋ, ಇವತ್ತಿಗೂ ನನಗೆ ತಿಳಿದಿಲ್ಲ. ಕೈ ಒಂದೇ, ಒಳಗಿನ ಕಾರಣವನ್ನು ಯಾರೂ ಎಣಿಸುವುದಿಲ್ಲ.

ನೀನು ಪ್ರತಿ ಸಲ ಅಮ್ಮನನ್ನು ಇಲ್ಲಿಗೆ ಕಳಿಸು ಅನ್ನುತ್ತೀಯ. ಅವಳು ಅವಳ ನೀರು, ಅವಳ ಗುಂಪು ಬಿಟ್ಟು ಬರುವುದಿಲ್ಲ ಅಂತ ನಾನು ಪ್ರತಿ ಸಲವೂ ಹೇಳುತ್ತೇನೆ. ಅವಳನ್ನು ಒಮ್ಮೆಯೂ ಕೇಳಿರಲಿಲ್ಲ. ಅವಳು ಹೋದರೆ ಈ ಮನೆಯಲ್ಲಿ ನಾನೊಬ್ಬಳೇ ಎಂಬ ಭಯ ಒಂದು, ನೀನು ಗೆದ್ದೆ ಅಂದುಕೊಳ್ಳುತ್ತೀಯ ಎಂಬ ಹಟ ಇನ್ನೊಂದು. ಆ ಕೊಳದ ಹಿಂದೆ ಅಡಗಿ ಕೂತಿದ್ದೆ. ಈಗ ಕೊಳವೇ ಹೋಗುತ್ತಿದೆ.

ನಿನ್ನ ಮನೆಯ ಹಿಂದಿನ ರಸ್ತೆಯಲ್ಲೇ ಕೊಳವಿದೆ ಎಂದು ನೀನು ಯಾವಾಗಲೋ ಹೇಳಿದ್ದೆ. ಈ ಎರಡು ವರ್ಷದ ಮಟ್ಟಿಗೆ ನೀನು ಅಮ್ಮನನ್ನು...

ಸಾಲು ನಡುವೆ ಮುರಿದರೆ ಅದರಲ್ಲೊಂದು ಅರ್ಥವಿರುತ್ತದೆ ಎಂದು ಮಕ್ಕಳಿಗೆ ಪಾಠ ಹೇಳುತ್ತೇನೆ. ಇಲ್ಲಿ ಮುರಿದಿರುವುದು ಬರೀ ಸುಸ್ತಿಗೆ. ನೀನು ಯಾವಾಗಲೂ ನನ್ನ ಮಾತು ಮುಗಿಸುತ್ತೀಯಲ್ಲ, ಇದೊಂದನ್ನು ಮುಗಿಸಿಬಿಡು. ಅವಳಿಗೆ ಇನ್ನೂ ಹೇಳಿಲ್ಲ. ನಿನ್ನ ಉತ್ತರ ಬಂದಮೇಲೆ ಹೇಗೆ ಹೇಳುವುದೆಂದು ಯೋಚಿಸುತ್ತೇನೆ.

ಇನ್ನೂ ಗೋಡೆ ಹಿಡಿದುಕೊಂಡೇ ಇರುವ,
ನಿನ್ನ ತಂಗಿ

ತಾ.ಕ.: ಲಕೋಟೆಗೆ ಅಂಟು ಹಚ್ಚುವಾಗ ಅಮ್ಮ ಎದ್ದು ಬಂದಳು. ಯಾರಿಗೆ ಅಂತ ಕೇಳಿದಳು, ನಿನಗೆ ಅಂದೆ. ಹಾಗಾದ್ರೆ ಒಂದು ಸಾಲು ಸೇರಿಸು, ಅಲ್ಲಿಯ ಕೊಳಕ್ಕೆ ಏಣಿಯೋ ಮೆಟ್ಟಿಲೋ, ಹೋಗಿ ನೋಡಿ ಹೇಳ್ತೀನಿ ಅಂದವಳು ಇನ್ನೂ ಹೇಳಿಲ್ಲ ಅಂದಳು. ಯಾವಾಗ ಕೇಳಿದ್ದೆ ಅಂದೆ. ಬಿದ್ದ ಮಾರನೆಯ ದಿನ, ನೀನು ಕಾಲೇಜಿಗೆ ಹೋದಾಗ, ಫೋನಿನಲ್ಲಿ, ಅಂದಳು. ಮೊಣಕೈ ವಿಷಯ ನೀನು ಎರಡೆರಡು ಸಲ ಕೇಳಿದ್ದು ಯಾಕೆಂದು ಈಗ ತಿಳಿಯಿತು. ಹೋಗಿ ನೋಡಿ ಬರೆ. ಏಣಿಯಾದರೆ, ಕೆಳಗೆ ನಿಂತು ಅವಳ ಎಡಗಾಲನ್ನು ಮೊದಲು ಹಿಡಿಯಬೇಕು.