ರಕ್ತ ಕೊಡೂತನಕ ಪ್ರಸಾದ ಬ್ಯಾಡ್ರಿ

ನಮ್ಮ ಸೃಷ್ಟಿಯ ಅಪ್ಪಾರ,

ಏಳೂವರಿಗೆ ಲ್ಯಾಬಿನ ಹುಡುಗಿ ಮನಿಗೇ ಬಂದು ಮತ್ತೊಮ್ಮೆ ರಕ್ತ ತಗೋತಾಳ. ಅಲ್ಲೀತನಕ ಬರೇ ನೀರು. ಲಿಂಗಪೂಜಿ ಆಕಿ ಹೋದ ಮ್ಯಾಲೆ ಮಾಡ್ರಿ. ಹೋದ ಸಲ ಖಾಲಿ ಹೊಟ್ಟಿ ಅಂತ ಹೇಳಿ, ಪೂಜಿ ಮುಗಿಸಿ ಬಾಳಿಹಣ್ಣು, ಕಲ್ಲಸಕ್ಕರಿ ತಿಂದು ಲ್ಯಾಬಿಗೆ ಹೋಗಿದ್ರಿ. ಕೇಳಿದ್ರ "ಅದು ಪ್ರಸಾದ, ತಿಂದಂಗ ಅಲ್ಲ" ಅಂದ್ರಿ. ರಿಪೋರ್ಟಿನ್ಯಾಗ ಸಕ್ಕರಿ ಏರದ ಇನ್ನೇನಾಗ್ತೈತಿ? ಅದನ್ನ ಹಿಡಕೊಂಡು ನಾಕು ದಿನದಿಂದ ನೀವೂ ಮಲಗಿಲ್ಲ, ನನಗೂ ಮಲಗಾಕ ಬಿಟ್ಟಿಲ್ಲ.

ಬಿಪಿ ಮಷೀನ್ ಹುಡುಕಬ್ಯಾಡ್ರಿ, ನನ್ನ ಚೀಲದಾಗ ಹಾಕ್ಕೊಂಡು ಹೋಗೇನಿ. ನಿನ್ನೆ ಒಂದ ದಿನದಾಗ ಹದಿನಾಕು ಸಲ ಕಟ್ಟಿಕೊಂಡೀರಿ.

ರೊಟ್ಟಿ, ಹೆಸರುಕಾಳ ಪಲ್ಯ ಮುಚ್ಚಿಟ್ಟೇನಿ. ಪೂಜಿ ಆದ ಮ್ಯಾಲೆ ಉಣ್ರಿ.

ಡಾಕ್ಟರ್ ಹೇಳಿದ್ದು ನನಗ ಇನ್ನೂ ಚುಚ್ಚಾಕತ್ತೈತಿ: "ಹೆದರಿಕಿ ವರ್ಷಗಟ್ಲೆ ಇದ್ರ ಮೈಗೂ ಇಳೀಬಹುದ್ರಿ, ರಕ್ತಾನೂ ತಪಾಸ ಮಾಡೋಣು." ನಾ ಹನ್ನೊಂದು ವರ್ಷ "ನಿಮಗೇನೂ ಆಗಿಲ್ಲ, ಬರೇ ಸೋಗು" ಅಂತ ಬೈಕೋತ ಬಂದೆ.

ಇವತ್ತು ಹುನಗುಂದದಾಗ ನನಗ ಪರೀಕ್ಷಾ ಡ್ಯೂಟಿ. ಕೋಣ್ಯಾಗ ಮೊಬೈಲ್ ಒಯ್ಯಂಗಿಲ್ಲ. ಎದಿ ಬಡಕೊಳ್ಳಾಕ ಹತ್ತಿದ್ರ ಅಲ್ಲಿಯ ಹೆಡ್ ಮಾಸ್ತರ ಆಫೀಸಿಗೆ ಫೋನ್ ಮಾಡ್ರಿ. ನಂಬರ್ ಈ ಚೀಟಿ ಹಿಂದ ಬರದೇನಿ. ನಿಮ್ಮ ಹೆದರಿಕಿ ಯಾರಿಗೂ ಗೊತ್ತಾಗಬಾರದಂತ ಇಷ್ಟು ವರ್ಷ ನಾನ ಮುಚ್ಚಿಟ್ಟಿದ್ದೆ. ನಿನ್ನೆ ಅವರ ಮುಂದ ಬಾಯಿಬಿಟ್ಟು ಹೇಳಿದೆ: "ನಮ್ಮ ಮನಿಯವರಿಗೆ ಹೆದರಿಕಿ ಬ್ಯಾನಿ ಐತ್ರಿ ಸರ್. ಫೋನ್ ಬಂದ್ರ ನನ್ನ ಹೊರಗ ಕರೀರಿ."

ಶಿವಗಂಗಾ