ತುಟಿ ಸುಟ್ಟ ಸುದ್ದಿ

ರೀ,

ನೀವಿದ್ದಾಗಲೇ ನಿಮ್ಮನ್ನು ಹೆಸರು ಹಿಡಿದು ಕರೆದವಳಲ್ಲ, ಈಗ ಕಾಗದದಲ್ಲಿ ಬರೆಯಲೂ ಕೈ ಬರುತ್ತಿಲ್ಲ. ಹೀಗೇ ಓದಿಕೊಳ್ಳಿ.

ಬುದ್ಧಿಹಲ್ಲು ಕೀಳಿಸಿಕೊಂಡು ಬಂದ ದಿನ ನೆನಪಿದೆಯಾ? ಜೋಮು ಸಂಜೆಗೆ ಇಳಿಯುತ್ತದೆ ಅಂದಿದ್ದರು. ತಿಂಗಳುಗಳು ಕಳೆದರೂ ಕೆಳತುಟಿಯ ಎಡಭಾಗ, ಗದ್ದ, ಎರಡೂ ನನ್ನವಲ್ಲ ಅನ್ನುವಂತಿದ್ದವು. ಹಲ್ಲು ಕೀಳುವಾಗ ಬುಡದ ನರ ತುಂಡಾಗಿದೆ ಎಂದು ಆಮೇಲೆ ತಿಳಿಯಿತು. ಅನ್ನದ ಅಗುಳು ಅಂಟಿದ್ದರೂ, ಮಾವಿನಹಣ್ಣಿನ ರಸ ಇಳಿದರೂ ಗೊತ್ತಾಗುತ್ತಿರಲಿಲ್ಲ. ನಾಲ್ಕು ಜನರೆದುರು ಒರೆಸಿಕೋ ಅನ್ನಲು ನಿಮಗೆ ಸಂಕೋಚ. ಅದಕ್ಕೆ "ಶ್ರೀನಿವಾಸಪುರದ ಬಸ್ಸು ಎಷ್ಟೊತ್ತಿಗೆ?" ಅಂತ ಕೇಳುತ್ತಿದ್ದಿರಿ. ನಾನು ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದೆ.

ನಂಗಲಿಯಲ್ಲಿ ನಿಮ್ಮ ಚಿಕ್ಕಮ್ಮನ ಮನೆಯಲ್ಲಿ ಊಟಕ್ಕೆ ಕೂತಾಗಲೂ ಹಾಗೇ ಕೇಳಿದಿರಿ ನೋಡಿ. "ಅಪ್ಪುಡೇ ಬಸ್ಸಾ? ಇಷ್ಟು ಬೇಗ ಹೊರಟ್ರಾ? ಪಾಯಸ ಇನ್ನೂ ಬಡ್ಸಿಲ್ಲ ಕಣೋ" ಎಂದು ಚಿಕ್ಕಮ್ಮ ಮುನಿಸಿಕೊಂಡು, ತಾಂಬೂಲ ತರಲು ಎದ್ದೇಬಿಟ್ಟರು. ಪಾಯಸವಿಲ್ಲದೆ ಬಸ್‌ಸ್ಟಾಂಡಿನಲ್ಲಿ ನಿಂತು ನಾವು ನಕ್ಕಿದ್ದು... ಅಷ್ಟು ನಗು ಈ ಮನೆಗೆ ಮತ್ತೆ ಬಂದಿಲ್ಲ.

"ಆಪರೇಷನ್ ಮಾಡಿಸೋಣ್ವಾ?" ಎಂದು ನೀವು ಕೇಳಿದಾಗಲೆಲ್ಲ "ನೋಡಿ ಹೇಳೋಕೆ ನೀವಿದ್ದೀರಲ್ಲ" ಅನ್ನುತ್ತಿದ್ದೆ. ನೀವು ಹೋದಮೇಲೆ ಒಬ್ಬಳೇ ಉಣ್ಣುವಾಗ ಎದುರಿಗೆ ಕನ್ನಡಿ ಇಟ್ಟುಕೊಂಡೆ. ನನ್ನ ಮುಖವನ್ನೇ ನೋಡಿಕೊಂಡು ಎಷ್ಟು ದಿನ ಉಣ್ಣಲಿ? ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟೆ.

ಕೊನೆಗೆ ನಿಮ್ಮ ತಂಗಿಯನ್ನು ಕರೆದುಕೊಂಡು ಬೆಂಗಳೂರಿಗೆ ಹೋದೆ. "ತಡ ಮಾಡಿದೀರಮ್ಮ. ನರದ ತುದಿಗಳನ್ನ ಸೇರಿಸಿ ಹೊಲೀತೀವಿ, ಪೂರ್ತಿ ಸರಿಹೋಗುತ್ತೆ ಅಂತ ಮಾತು ಕೊಡಲ್ಲ" ಅಂದರು ಡಾಕ್ಟರಮ್ಮ. ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿದರಂತೆ. ಆಪರೇಷನ್ ಕೋಣೆಯ ಬಾಗಿಲಿನವರೆಗೂ ನಿಮ್ಮ ತಂಗಿ ಕೈ ಹಿಡಿದಿದ್ದಳು. ಆದರೂ ನೀವಿರಬೇಕಿತ್ತು ಅನ್ನಿಸಿತು. ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಆಮೇಲೆ ಯಾವಾಗಲೋ ಇರುವೆ ಹರಿದ ಹಾಗೆ ಚುಮುಚುಮು ಶುರುವಾಯಿತು.

ಇವತ್ತು ಬೆಳಿಗ್ಗೆ ಕಾಫಿ ಲೋಟ ತುಟಿಗಿಟ್ಟೆ. ಎಡಗಡೆ ಚುರ್ ಅಂದಿತು. ಇನ್ನೊಮ್ಮೆ ಇಟ್ಟು ನೋಡಿದೆ, ನಿಜವಾಗಿಯೂ ಚುರ್ ಅಂದಿತು. ಅಡುಗೆಮನೆಯಿಂದ ಓಡಿಬಂದು "ರೀ, ಸುಡ್ತು ರೀ" ಎಂದು ಕೂಗಿಯೇಬಿಟ್ಟೆ. ನಡುಮನೆಯಲ್ಲಿ ಯಾರಿದ್ದಾರೆ?

ಪಕ್ಕದ ಮನೆಯಾಕೆ ಕಿಟಕಿಗೆ ಬಂದು "ಏನಾಯ್ತಕ್ಕಾ, ಸುಟ್ಕೊಂಡ್ರಾ? ತಣ್ಣೀರು ಹಾಕಿ" ಅಂದಳು. ಅವಳಿಗೆ ಏನಂತ ಹೇಳಲಿ? "ಏನಿಲ್ಲಮ್ಮ, ಕಾಫಿ ಬಿಸಿ ಇತ್ತು" ಅಂದೆ.

ತುಟಿ ಸುಟ್ಟಿತು ಅಂದರೆ ಕುಣಿದಾಡುವವರು ನೀವೊಬ್ಬರೇ ಇದ್ದಿರಿ.