ರಟ್ಟಿನೊಳಗಿನ ಅರ್ಜಿ

ಅಪ್ಪನಿಗೆ ಮಗಳ ನಮಸ್ಕಾರ.

ಸಂಜೆವರೆಗೆ ತಡೆಯಲಾರದೆ ಜವಾನನ ಕೈಲಿ ಈ ಪತ್ರ ಕಳಿಸುತ್ತಿದ್ದೇನೆ, ಕೂತುಕೊಂಡೇ ಓದಿ.

ಅರ್ಜಿ ಸಿಕ್ಕಿತು! ದೇಶ ಆಳಿದ ಆ ದೊಡ್ಡವರು ವಕೀಲಿ ಶುರುಮಾಡಿದ ಹೊಸದರಲ್ಲಿ ಕೈಯಾರೆ ಬರೆದಿದ್ದ ಅರ್ಜಿ. ನೀವು ಅದನ್ನು ಕದ್ದಿರೆಂದು ತಾನೇ ಕೋರ್ಟಿನವರು ನಿಮ್ಮನ್ನು ಕೆಲಸದಿಂದ ತೆಗೆದದ್ದು? ಅದು ಕೋರ್ಟು ಬಿಟ್ಟು ಹೋಗಿಯೇ ಇರಲಿಲ್ಲ.

ಇವತ್ತು, ಈಗ ನಾನು ಕೆಲಸ ಮಾಡುವ ನಿಮ್ಮ ಹಳೇ ಬೈಂಡಿಂಗ್ ಮೇಜಿನ ಮೇಲೆ ಒಂದು ರಿಜಿಸ್ಟರಿನ ಹರಿದ ರಟ್ಟು ಬಿಚ್ಚಿದರೆ, ಒಳಗೆ ಅಸ್ತರಾಗಿ ಅಂಟಿಸಿದ ಹಾಳೆಯೇ ಅದು. ರದ್ದಿಯೆಂದು ಅಂಟಿಸಿದವರು ನೀವೇ. ಮೂಲೆ ಮಡಿಸುವ ನಿಮ್ಮ ಕೈ ನನಗೆ ಗೊತ್ತಿಲ್ಲವೇ?

ಜಡ್ಜ್ ಸಾಹೇಬರಂತೂ, "ಅಂಟ್ಸಿದವರೇ ಬಂದು ಬಿಡಿಸ್ಲಿ, ಬೇರೆ ಯಾರೂ ಮುಟ್ಬೇಡಿ" ಅಂತ ನಗುತ್ತಿದ್ದಾರೆ. ನಿಮ್ಮ ತೆಳು ಚಾಕು ತನ್ನಿ. ಹನ್ನೆರಡು ವರ್ಷದಿಂದ ಸುತ್ತು ಬಳಸಿ ಹೋಗುತ್ತಿದ್ದೀರಲ್ಲ, ಇವತ್ತು ಕೋರ್ಟಿನ ಬೀದಿಯಲ್ಲೇ ನೇರ ನಡೆದು ಬನ್ನಿ.

ಬಾಗಿಲಲ್ಲಿ ನಿಂತಿರುವ
ನಿಮ್ಮ ಮಗಳು